ಲೆಕ್ಕಕ್ಕುಂಟು

ಒಸ್ಟ್ರಾವಾದಲ್ಲಿ ಡಿಸೆಂಬರಿನ ಬೆಳಗು
ಎಂಟಾದರೂ ಪೂರ್ತಿ ಬಿಡಿಸಿಕೊಂಡಿರುವುದಿಲ್ಲ.
ಟ್ರಾಮಿನ ಕಿಟಕಿಯಲ್ಲಿ ಉಸಿರಿನ ಮಂಜು ಒರೆಸಿ
ನಿಲ್ದಾಣ ಎಣಿಸುತ್ತ ಬರುತ್ತೇನೆ;
ಬಂದು, ಕೋಟು ತೂಗುಹಾಕಿ, ಮತ್ತೆ ಎಣಿಸುತ್ತೇನೆ.
ಅದೇ ನನ್ನ ಕಸುಬು.

ಇವತ್ತಿನ ಗಾಜು: ಎಡ ಮೂತ್ರಪಿಂಡ, ಏಳು ಸೆಂಟಿಮೀಟರ್ ಗಡ್ಡೆ,
ಕೊಯ್ದಾಗ ಹಳದಿ, ಮೊಟ್ಟೆಯ ಭಂಡಾರದ ಹಾಗೆ.
ಸ್ಪಿರಿಟ್ಟಿನಲ್ಲಿ ತೊಳೆದರೆ ಕೊಬ್ಬು ಕರಗಿ, ಸಕ್ಕರೆ ಕರಗಿ
ಜೀವಕೋಶಗಳು ಖಾಲಿ ಖಾಲಿ,
ಬಾಡಿಗೆಯವರು ಬಿಟ್ಟುಹೋದ ಕೋಣೆಗಳು.
ಇಷ್ಟು ಚೊಕ್ಕಟ ಕಾಣುವುದು ಕೊಲ್ಲಬಲ್ಲದೆಂದು
ಹೊಸ ವಿದ್ಯಾರ್ಥಿಗಳು ನಂಬುವುದೇ ಇಲ್ಲ.

ಆ ಗೋಡೆಗಳ ನಡುವೆ ಕಂದು ಚುಕ್ಕೆ:
ಕಾಯಲು ಬಂದ ಬಿಳಿ ರಕ್ತಕಣಗಳು.
ಒಂದು ಚೌಕಕ್ಕೆ ನೂರಾ ನಲವತ್ತು, ಪಕ್ಕದ್ದಕ್ಕೆ ಇನ್ನೂರು.
ಕರುಳಿನ ಗಡ್ಡೆಯಲ್ಲಿ ಇಷ್ಟು ಕಂಡಿದ್ದರೆ
ವರದಿ ಬರೆಯುವ ಕೈ ಹಗುರಾಗುತ್ತಿತ್ತು.
ಕಿಡ್ನಿಯ ಗಣಿತ ಬೇರೆ. ಇಲ್ಲಿ
ಕಾವಲು ಹೆಚ್ಚಿದಷ್ಟೂ, ಬಹಳ ಸಲ, ಆಯುಷ್ಯ ಕಡಿಮೆ.
ಯಾಕೆಂದು ಕೇಳಿದರೆ ನಾವು ಉದ್ದದ ಹೆಸರು ಹೇಳುತ್ತೇವೆ.

ಹತ್ತೂವರೆಗೆ ಬಾಗಿಲು ಬಡಿದದ್ದು ಗಾಜಿನ ಯಜಮಾನ.
ಕಾಯಿಲೆಯವರು ಈ ಮಹಡಿಗೆ ಬರುವ ಪದ್ಧತಿಯಿಲ್ಲ.
ಓಲ್ಡ್ರಿಖ್ ಸ್ಮೋಲ್ಕಾ, ಅರವತ್ತಾರು,
ಕೋಕ್ ಒಲೆಯ ಮುಂದೆ ಮೂವತ್ತೊಂದು ವರ್ಷ;
ಹುಬ್ಬು ಅಲ್ಲೇ ಸುಟ್ಟದ್ದು, ಮತ್ತೆ ಬೆಳೆದಿಲ್ಲ.
ಹೆಂಡತಿ ವ್ಲಸ್ತಾ ಕೊಟ್ಟ ಗಸಗಸೆ ಬನ್ನು
ಕಾಗದ ಸಮೇತ ನನ್ನ ಮೇಜಿನ ಮೇಲಿಟ್ಟು
“ನನ್ನದನ್ನು ನಾನೇ ನೋಡಬೇಕು” ಅಂದ.
ಆಗದು ಎನ್ನಲು ಬಾಯಿ ತೆರೆದೆ. ಕುರ್ಚಿ ಎಳೆದೆ.

ಎರಡು ತಲೆಯ ಸೂಕ್ಷ್ಮದರ್ಶಕ, ಒಂದೇ ಬೆಳಕು.
“ಕಂದು ಯಾರು?”
“ನಿಮ್ಮ ಕಡೆಯವರು.”
“ಇಷ್ಟೊಂದು ಜನವೇ!”
ನಾನು ಹೂಂಗುಟ್ಟಲಿಲ್ಲ.
ಆತ ಮತ್ತೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.
ಆಮೇಲೆ, ಕಣ್ಣು ತೆಗೆಯದೆ:

“ಮೂರನೆಯ ಪಾಳಿ, ರಾತ್ರಿ ಮೂರು ಗಂಟೆ.
ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರು,
ಒಲೆಯೆದುರು ಇಪ್ಪತ್ತೆರಡು ಆಳು,
ಸಲಿಕೆ ಕೈಯಲ್ಲೇ ಇದೆ, ಯಾರೂ ಎತ್ತುತ್ತಿಲ್ಲ.
ಓಡಿಹೋದವರಲ್ಲ ಡಾಕ್ಟರೇ, ಮೈಗಳ್ಳರೂ ಅಲ್ಲ.
ತೀರಾ ಹೊತ್ತು ಬೆಂಕಿಗೆ ಮುಖ ಕೊಟ್ಟವರು.
ನಮ್ಮ ಫೋರ್‌ಮನ್ ಅಂಥವರನ್ನೂ ಎಣಿಸಿ
ಪಾಳಿ ಪೂರ್ತಿ ಎಂದು ಬರೆಯುತ್ತಿದ್ದ.”

ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಹನ್ನೊಂದು ವರ್ಷದ ನನ್ನ ಕೋಷ್ಟಕಗಳನ್ನು ಯಾರೋ
ಸಲಿಕೆಯ ಹಿಡಿಯಿಂದ ತಟ್ಟಿದ ಹಾಗಾಯಿತು.

ಹೇಳಿದೆ: ಅವರ ಹೆಗಲ ಮೇಲೆ ಗಡ್ಡೆ ಕೈಯಿಟ್ಟು
‘ಸಾಕು, ಸುಮ್ಮನಿರಿ’ ಎನ್ನುತ್ತಿರುತ್ತದೆ.
ಆ ಕೈ ಬಿಡಿಸುವ ಮದ್ದಿದೆ, ಮೂರು ವಾರಕ್ಕೊಮ್ಮೆ, ನರಕ್ಕೆ.
ಕೆಲವರಲ್ಲಿ ಏಳುತ್ತಾರೆ. ಕೆಲವರಲ್ಲಿ ಎದ್ದು
ಮನೆಯವರನ್ನೇ ಬಡಿಯುತ್ತಾರೆ. ಕೆಲವರಲ್ಲಿ, ಏನೂ ಇಲ್ಲ.
ಯಾರಲ್ಲಿ ಯಾವುದೆಂದು ಖಚಿತವಾಗಿ ಹೇಳುವ ಎಣಿಕೆ
ನನಗೆ ಬರುವುದಿಲ್ಲ.

ಆತ ಟೋಪಿ ಹಾಕಿಕೊಂಡ. “ಅವರನ್ನ ಬೈಯಬೇಡಿ,
ವರದಿಯಲ್ಲಿ” ಅಂದ. ಮೆಟ್ಟಿಲಿಳಿದದ್ದು
ಎಡಪಕ್ಕೆ ಒತ್ತಿ ಹಿಡಿದು, ಒಂದೊಂದೇ.

ಮಧ್ಯಾಹ್ನ ನಮೂನೆ ತುಂಬಿದೆ. ಸಾಂದ್ರತೆ: ಅಧಿಕ.
ಅದರ ಕೆಳಗೆ ಷರಾಕ್ಕೆ ಜಾಗವಿದೆ, ಬೆರಳಗಲ.
ಏನು ಬರೆಯಲೆಂದು ತೋಚದೆ ಬನ್ನು ಮುರಿದೆ.
ಬಿಳಿ ಹಾಳೆಯ ತುಂಬ ಗಸಗಸೆ ಉದುರಿತು.
ರೂಢಿ ನೋಡಿ, ಹನ್ನೆರಡರವರೆಗೆ ಎಣಿಸಿದ್ದೆ,
ಆಮೇಲೆ ಅಂಗೈಯಲ್ಲಿ ಬಳಿದು
ತಿಂದೆ.