ಮೂವತ್ತೊಂದು ನಿಮಿಷ, ಡಂಡೀ

ಹಿಲ್‌ಟೌನಿನ ಏರು ಹತ್ತಿ, ಮೇಲೆ ನಾಲ್ಕು ಮಹಡಿ ಹತ್ತಿ
ಏದುಸಿರು ಬಿಡುತ್ತ ಮೇಜಿನ ಮೇಲಿಟ್ಟೆ
ತುಪ್ಪಳದ ಕುಲಾವಿ ತೊಟ್ಟ ನನ್ನ ಮೈಕನ್ನು.
'ಬೆಕ್ಕು ತಂದಿದಾಳೆ' ಎಂದಳು ನೆಟ್ಟಾ ಮಿಲ್ನ್,
ಪಕ್ಕದ ಮನೆಯವಳು, ಮೂಲೆಯಲ್ಲಿ ಹೆಣಿಗೆ ಹಿಡಿದು.

ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ:
ಗಿರಣಿಯ ಸದ್ದು ನಿಮ್ಮ ದಿನದೊಳಗೆ ಹೇಗಿತ್ತು?
ಇಷ್ಬೆಲ್ ಪೆಟ್ರಿ ಓದಿದಳು. ಕನ್ನಡಕ ಒರೆಸಿ ಇನ್ನೊಮ್ಮೆ.
ಎಂಬತ್ತಾರು ವರ್ಷ. ಹದಿನೈದಕ್ಕೇ ಮಗ್ಗದೆದುರು ನಿಂತವಳು.
ಇಪ್ಪತ್ತೆಂಟಕ್ಕೆ ಎಡಗಿವಿ, ನಲವತ್ತಕ್ಕೆ ಬಲಗಿವಿ
ಸೆಣಬಿನ ಧೂಳಿನ ಜೊತೆ ಅಲ್ಲೇ ಗುಡಿಸಿಹೋಗಿದ್ದವು.

ಆಮೇಲೆ ಹೇಳತೊಡಗಿದಳು.
ದನಿಯಿಲ್ಲ.
ತುಟಿ ಮಾತ್ರ, ಎಳೆದ ರಬ್ಬರಿನ ಹಾಗೆ,
ಹುಬ್ಬು ಏರಿಳಿಯುತ್ತ, ಬೆರಳೊಂದು
ಗಾಳಿಯಲ್ಲಿ ಲಾಳಿ ಓಡಿಸುತ್ತ.
ಯಂತ್ರದ ಹಸಿರು ಗೆರೆ ಮಲಗಿದ್ದು ಏಳಲೇ ಇಲ್ಲ.
'ಸ್ವಲ್ಪ ಗಟ್ಟಿಯಾಗಿ' ಎಂದೆ, ಸನ್ನೆಯನ್ನೂ ಮಾಡಿ.
ಪಾಪ, ತುಟಿಯನ್ನು ಇನ್ನೂ ಅಗಲಿಸಿದಳು.

ಹದಿನಾಲ್ಕನೆಯ ನಿಮಿಷಕ್ಕೆ ನೆಟ್ಟಾ ನಕ್ಕಳು,
ಕಡ್ಡಿಯಿಂದ ನಾಲ್ಕು ಕುಣಿಕೆ ಜಾರುವಷ್ಟು.
ಏನಂತೆ, ಏನಂತೆ?
'ಮೇಸ್ತ್ರಿ ಟೋಷ್‌ನ ವಿಷಯ. ಬಾಯಿಬಿಟ್ಟು ಹೇಳುವಂಥದ್ದಲ್ಲ ತಾಯಿ.
ಅವನು ಮಗ್ಗಗಳ ನಡುವೆ ಕೈಕಟ್ಟಿ ತಿರುಗುತ್ತಿದ್ದ,
ನಾವು ಅವನ ತಲೆಯ ಮೇಲಿಂದ ಆಚೆಗೂ ಈಚೆಗೂ
ಅವನನ್ನೇ ಆಡಿಕೊಳ್ಳುತ್ತಿದ್ದೆವು.
ಗೋಡೆಗೂ ಕಿವಿಯಿದೆ ಅಂತಾರಲ್ಲ, ಅಲ್ಲಿ ಗೋಡೆಗೇ ಕಿವುಡು.
ಗಿರಣಿ ಮುಚ್ಚಿತು ನೋಡು, ಆಗ ಬಂತು ಕಷ್ಟ:
ಬಸ್ಸಿನಲ್ಲಿ, ಚರ್ಚಿನಲ್ಲಿ, ಡಾಕ್ಟರ ಬಾಗಿಲಲ್ಲಿ
ಏನೇ ಅಂದರೂ ಎಲ್ಲರಿಗೂ ಕೇಳಿಸಿಬಿಡುತ್ತೆ.'

ಏಳು ವರ್ಷ ಓದಿದ್ದೆ ನಾನು, ಗದ್ದಲವೆಂದರೆ ನಷ್ಟವೆಂದು:
ಡೆಸಿಬೆಲ್ಲು, ನಿದ್ದೆಗೇಡು, ರಕ್ತದೊತ್ತಡ.
ಸುಳ್ಳಲ್ಲ ಅದು. ಆ ಎರಡು ಕಿವಿ ವಾಪಸು ಬರಲಿಲ್ಲ.
ಆದರೆ ಅಷ್ಟು ದೊಡ್ಡ ಸದ್ದಿನ ಅಡಿಯಲ್ಲಿ
ಇಷ್ಟೊಂದು ಜನ ಕೂತು ಹರಟುತ್ತಿದ್ದರೆಂದು
ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಲ್ಯಾಬಿನಲ್ಲಿ ಹೆಡ್‌ಫೋನ್ ಏರಿಸಿ ಕೇಳಿದೆ:
ಕೆಟಲಿನ ಕುದಿ. ಟೇ ನದಿಯ ಕಡೆಯಿಂದ ಕಡಲಹಕ್ಕಿಗಳ ಜಗಳ.
ಕಡ್ಡಿಗೆ ಕಡ್ಡಿ ತಾಗುವ ಚಿಟಿಚಿಟಿ. ಒಂದು ನಗು.
ಮತ್ತೆ ನಾನು, ಒಂದಕ್ಷರ ತಿಳಿಯದೆ,
ಇಪ್ಪತ್ತಮೂರು ಸಲ, 'ಹೂಂ', 'ಹೂಂ'.
ಮಾತನಾಡಿದವರು ಎಂಬ ಕಲಮಿನಲ್ಲಿ
ಇಷ್ಬೆಲ್ ಪೆಟ್ರಿ ಎಂದು ತುಂಬಿದೆ. ಅವಧಿ: ಪೂರ್ತಿ.

ಮೇಲಿನವರು ಕ್ರೇಗಿ, ಬೆನ್ನಹಿಂದೆ ಬಂದು ಪರದೆ ನೋಡಿ
'ಖಾಲಿ ಭಾಗ ಕತ್ತರಿಸಿಬಿಡು, ಜಾಗ ತಿನ್ನುತ್ತೆ' ಎಂದರು.
ಆಯಿತು ಸಾರ್ ಎಂದೆ. ಅವರು ಬಾಗಿಲತ್ತ ತಿರುಗಿದರು.
ಆಗ ತುಟಿ ಅಗಲಿಸಿ, ಹುಬ್ಬೆತ್ತಿ, ನಿಧಾನಕ್ಕೆ
ನಾನು ಅಂದದ್ದು
ಯಾವ ಯಂತ್ರದಲ್ಲೂ ದಾಖಲಾಗಿಲ್ಲ.