ಹಿಣಿಲಿಲ್ಲದವಳು

ನಾಟಾದ ಅಳತೆ ಆಮೇಲೆ,
ಮೊದಲು ಕುದುರೆಯದು ಎಂದೆ.
ಬುಡೇನ್ ಸಾಬರು ನಕ್ಕರು:
ಹನ್ನೆರಡು ವರ್ಷ ಶಿವಮೊಗ್ಗದಲ್ಲಿ ಜಟಕಾ ಎಳೆದವಳು,
ಡಾಂಬರು ಬಿಟ್ಟು ಇಳಿದವಳಲ್ಲ.
ಈಗ ಹೊಸನಗರದ ಇಳಿಜಾರು, ಅಕೇಶಿಯಾ ದಿಮ್ಮಿ.

ಎತ್ತಿನ ನೊಗ ಕೂರುವುದು ಹಿಣಿಲಿನ ಮುಂದೆ.
ಇವಳಿಗೆ ಹಿಣಿಲೇ ಇಲ್ಲ;
ಅಪ್ಪ ಕಲಿಸಿದ ಲೆಕ್ಕ ಅಲ್ಲಿಗೆ ಮುಗಿಯಿತು.
ಗೋಣಿಯೊಳಗೆ ತೆಂಗಿನ ನಾರು, ಹರಿದ ಕಂಬಳಿ ತುಂಬಿ
ಎದೆಪಟ್ಟಿ ಹೊಲಿದೆ.
ಮೂರು ಸಲ ಬಿಚ್ಚಿದೆ.

ಜಾರುಬಂಡಿಯ ಅಡಿಗೆ ಮತ್ತಿ.
ಮೂತಿ ನಾನು ಬಗ್ಗಿಸಿದ್ದಲ್ಲ,
ಹಾಗೇ ಬೆಳೆದ ಕೊಂಬೆ, ಹುಡುಕಲು ನಾಲ್ಕು ದಿನ.
ಮಾಗಿಯಲ್ಲಿ ಮರ ಒಣಗಿ ಮೊಳೆ ಸಡಿಲುತ್ತದೆ;
ಅಟ್ಟದ ಹೊಗೆ ಕುಡಿದ ಬಿದಿರ ಕೀಲು
ಹಲ್ಲು ಕಚ್ಚಿ ಕೂರುತ್ತದೆ.

ಇಬ್ಬನಿ ಬಿದ್ದ ಹುಲ್ಲೆಂದರೆ ಎಣ್ಣೆ.
ದಿಮ್ಮಿ ಹಿಂದಿನಿಂದ ಓಡಿಬಂದು
ಅವಳ ಕಾಲಿಗೆ ಬಡಿಯದ ಹಾಗೆ
ಅಡಿಗೆ ಸರಪಳಿ ಸುತ್ತಿದೆ.

ಮೊದಲ ಬೆಳಗು. ಉಸಿರೆಲ್ಲ ಹೊಗೆ.
ಹೂಡಿದೆವು, ತಟ್ಟಿದೆವು, ಬೆಲ್ಲ ತೋರಿಸಿದೆವು.
ಕಿವಿ ಮಾತ್ರ ಅಲ್ಲಾಡಿತು.

ಸಾಬರಿಗೆ ಏನು ಹೊಳೆಯಿತೋ,
ಕೆಮ್ಮಿ, ಗಂಟಲು ಸರಿಮಾಡಿ, ಕಾಡಿನ ನಡುವೆ ಕೂಗಿದರು:
ಬಸ್‌ಸ್ಟ್ಯಾಂಡ್! ಬಸ್‌ಸ್ಟ್ಯಾಂಡ್! ಇನ್ನೊಬ್ಬರಿಗೆ ಜಾಗ!

ಕೀಲು ಕಿರ್ರೆಂದವು.
ಹೊರಟಳು.