ಬಾಕಿ ಹದಿನೆಂಟು

ಕ್ಯಾತಮಾರನಹಳ್ಳಿಯ ಈ ಮನೆಗೆ ಬಂದಾಗ
ಓನರಮ್ಮ ಹೇಳಿದ್ದು ಎರಡೇ ಮಾತು:
ನೀರು ದಿನ ಬಿಟ್ಟು ದಿನ.
ಮೊಳೆ ಹೊಡೆಯೋ ಹಾಗಿಲ್ಲ.

ಇದ್ದದ್ದು ಒಂದೇ ಮೊಳೆ, ಹಿಂದಿನವರದು,
ನಡುಮನೆಯ ಗೋಡೆಯಲ್ಲಿ, ತುಸು ಓರೆಗೆ.
ಅದರ ಕೆಳಗೆ ಮೊರದಗಲ ಹಸಿ ಕಲೆ,
ದಿನಾ ಗುಡಿಸಿದರೂ ದಿನಾ ಉದುರುವ ಸುಣ್ಣ.
ಮುಚ್ಚಬೇಕಿತ್ತು. ಸೋಫಾ ಇಲ್ಲದ ಮನೆಯಲ್ಲಿ
ಬಂದವರು ನೋಡುವುದು ಗೋಡೆಯನ್ನೇ.

ಇನ್ನೂರು ರೂಪಾಯಿ ತೆಗೆದಿಟ್ಟೆ
ಊದುಬತ್ತಿ ಹೊಸೆದ ವಾರದ ಕೂಲಿಯಿಂದ,
ಬೆರಳ ಸಂದಿಯ ಗಂಧದ ಸಮೇತ.

ಸಯ್ಯಾಜಿ ರಾವ್ ರಸ್ತೆಯ ಅಂಗಡಿಯೊಳಗೆ
ಬೀಟೆ ಹಲಗೆಯಲ್ಲಿ ಕೂಡಿಸಿದ ಆನೆ.
ಬೆಲೆಚೀಟಿ ತಿರುಗಿಸಿ ನೋಡಿ
ಆನೆ ಬೇಜಾರು ಮಾಡಿಕೊಳ್ಳದಂತೆ
ಮೆಲ್ಲಗೆ ಮೊದಲಿನ ಹಾಗೇ ಬಿಟ್ಟೆ.
ಚಿನ್ನದ ರೇಕಿನ ಲಕ್ಷ್ಮಿಗೆ
ಕೈಮುಗಿದೆ, ಅದಕ್ಕೆ ಕಾಸಿಲ್ಲ.
ಫುಟ್‌ಪಾತಿನ ಪ್ಲಾಸ್ಟಿಕ್ ಜಲಪಾತಕ್ಕೆ ನೂರೈವತ್ತು,
ಸ್ವಿಚ್ ಹಾಕಿದರೆ ನೀರು ಹರಿಯುತ್ತದಂತೆ.
ನಲ್ಲೀಲಿ ಬರದೇ ಇರೋದು ಗೋಡೇಲಿ ಯಾಕೆ,
ಅಂದ ಚೆಲುವರಾಜು, ಗೂಡ್ಸ್ ಆಟೋ ಆಫ್ ಮಾಡದೆ.

ಕೊನೆಗೆ ಮಂಡಿ ಮೊಹಲ್ಲಾ, ಕಟ್ಟು ಹಾಕುವ ಅಂಗಡಿ.
ಗಾಜು ಕೊಯ್ಯುತ್ತಿದ್ದ ಮುನೀರ್ ಪಾಷಾ
ತಲೆಯೆತ್ತದೆ ಮೂಲೆ ತೋರಿಸಿದ:
ಕಟ್ಟು ಹಾಕಿಸಿ ಒಯ್ಯದೆ ಬಿಟ್ಟವು.
ನಮ್ಮ ಅಜ್ಜನ ಕಾಲದವೂ ಇವೆ.
ಕಟ್ಟಿನ ದುಡ್ಡು ಕೊಡಿ, ಒಳಗಿರೋದು ಬಿಟ್ಟಿ.

ಧೂಳಲ್ಲಿ ಒಬ್ಬರ ಬೆನ್ನಿಗೊಬ್ಬರು ಒರಗಿ ನಿಂತಿದ್ದರು:
ಕಣ್ಣು ಮುಚ್ಚಿಹೋದ ಮದುಮಗ,
ಕಪ್ಪಿಲ್ಲದ ಕಬಡ್ಡಿ ತಂಡ,
ಬೋರಲು ಮಲಗಿದ ಬೆತ್ತಲೆ ಕೂಸು
(ಈಗ ಐವತ್ತು ದಾಟಿರಬೇಕು)
ಆಮೇಲೆ ಇವರು.

ಸ್ಟುಡಿಯೋ ಕುರ್ಚಿಯ ತುದಿಯಲ್ಲಿ ಕೂತು
ಎರಡೂ ಕೈಯಲ್ಲಿ ಟೈಪಿಂಗ್ ಸರ್ಟಿಫಿಕೇಟು,
ಯಾರೋ ಕಿತ್ತುಕೊಂಡಾರು ಅನ್ನೋ ಹಾಗೆ. ನಕ್ಕಿಲ್ಲ.
ನಗು ತಡೆದದ್ದು ಮಾತ್ರ
ಗಲ್ಲದ ಹತ್ತಿರ ಉಳಿದುಬಿಟ್ಟಿದೆ.

ನೂರ ಎಂಬತ್ತು ಅಂದ. ನೂರಿಪ್ಪತ್ತಕ್ಕೆ ಎಳೆದೆ.
ಚಿತ್ರ ಬದಲಿಸಿದರಾಯಿತು, ಕ್ಯಾಲೆಂಡರಿನ
ನವಿಲೋ ಗುಲಾಬಿಯೋ ಕತ್ತರಿಸಿ, ಅಂದುಕೊಂಡು
ರಟ್ಟು ಬಿಚ್ಚಲು ಬೆನ್ನು ತಿರುಗಿಸಿದರೆ
ಪೆನ್ಸಿಲಲ್ಲಿ, ಗುಂಡಗಿನ ಅಕ್ಷರ:
ವನಜಾಕ್ಷಿ. ಮುಂಗಡ ಹತ್ತು. ಬಾಕಿ ಹದಿನೆಂಟು.

ಹದಿನೆಂಟು ರೂಪಾಯಿ.
ಎಷ್ಟು ಸಲ ಆ ಬೀದಿಯ ತಿರುವಿನವರೆಗೆ ಬಂದು
ಪರ್ಸಿನ ಜಿಪ್ಪು ಎಳೆದು, ಮತ್ತೆ ಎಳೆದು
ತರಕಾರಿ ಕೊಂಡು ಹಿಂದಿರುಗಿದರೋ.
ಇಲ್ಲಾ ಕೆಲಸ ಸಿಕ್ಕಿ ಊರು ಬಿಟ್ಟು
ಮರೆತೇಬಿಟ್ಟರೋ. ಹಾಗೇ ಇರಲಿ.
ಚೌಕಾಸಿ ಮಾಡಿ ನಾನು ಉಳಿಸಿದ ಅರವತ್ತು
ಆ ರಾತ್ರಿ ಯಾಕೋ ಉಳಿದಂತೆ ಅನ್ನಿಸಲಿಲ್ಲ.

ರಟ್ಟು ಬಿಚ್ಚಲಿಲ್ಲ.
ಹಸಿ ಕಲೆ ಮುಚ್ಚಿತು, ಅರ್ಧ.
ಮೊಳೆ ಓರೆ, ಆದ್ದರಿಂದ ಇವರೂ ಓರೆ,
ಅಡುಗೆಮನೆಯಿಂದ ಯಾರೋ ಕರೆದಂತೆ
ಎಡಕ್ಕೆ ಬಾಗಿದ್ದಾರೆ.

ನಾದಿನಿ ಬಂದವಳು ಕಾಫಿ ಲೋಟ ಕೆಳಗಿಡುತ್ತ
ಯಾರದು? ಅಂದಳು.
ನಾನು ಬಾಯಿ ಬಿಡುವ ಮೊದಲೇ ಚೆಲುವರಾಜು:
ನಮ್ಮತ್ತೆ ಕಡೆಯೋರು. ಆ ಕಾಲಕ್ಕೇ ಟೈಪಿಂಗು!
ಅವಳು ಎದ್ದು ಹತ್ತಿರ ಹೋಗಿ ನೋಡಿ,
ಹ್ಞೂಂ, ಮೂಗು ಅತ್ತಿಗೇದೇ.

ಆಯುಧಪೂಜೆಯ ದಿನ
ಆಟೋಗೆ, ಮಿಕ್ಸಿಗೆ, ಬತ್ತಿ ಹೊಸೆಯುವ ಹಲಗೆಗೆ
ಅರಿಶಿನ ಕುಂಕುಮ ಹೂವೆಲ್ಲ ಆಗಿ
ಒಂದು ಮೊಳ ಸೇವಂತಿಗೆ ಮಿಕ್ಕಿತು.
ಅವನು ಸ್ಟೂಲು ಹತ್ತಿ ಕಟ್ಟಿಗೆ ಹಾಕಲು ಹೋದ.
ತಡಿ, ಅಂದೆ.
ಹಾರ ಹಾಕಬೇಡ. ಬದುಕಿರಬಹುದು.

ಹೂವು ಹಿಡಿದು ಸ್ಟೂಲಿನ ಮೇಲೇ
ಸ್ವಲ್ಪ ಹೊತ್ತು ನಿಂತಿದ್ದ, ಅವರ ಮುಖದ ಸಮಕ್ಕೆ.
ಆಮೇಲೆ ಪಕ್ಕದ ಸ್ವಿಚ್ ಬೋರ್ಡಿಗೆ ಇಳಿಬಿಟ್ಟ.